ನರಪಿಳ್ಳೆಯೂ ಇಲ್ಲದ ಗುಡ್ಡ

ಊರ್ಡಿಗೆರೆ ಕಡೆಯ ಪುಟ್ಟಗಂಗಮ್ಮ ಮನೆಯಲ್ಲಿ ತುಟಿ ಪಿಟಕ್ ಎನ್ನದ ಹೆಂಗಸು. ಮಕ್ಕಳಾಗಲಿಲ್ಲವೆಂದು ಗಂಡ ಚಿಕ್ಕಹನುಮಯ್ಯ ಕುಣಿಗಲ್ಲಿನಿಂದ ರಂಗಲಕ್ಷ್ಮಮ್ಮನನ್ನು ಕಟ್ಟಿಕೊಂಡು ಬಂದಾಗ ಆರತಿ ತಟ್ಟೆ ಹಿಡಿದವಳೂ ಇವಳೇ. ‘ಎಂಥಾ ತಾಳ್ಮೆ, ಮಹಾತಾಯಿ!’ ಎಂದು ಊರೆಲ್ಲ ಹೊಗಳಿತು. ಹೊಗಳದೆ ಏನು? ಊರಿನ ಗಂಟೇನು ಹೋಗಿತ್ತು?

ತಾಳ್ಮೆಯಂತೆ ತಾಳ್ಮೆ! ವಾರವೆಲ್ಲ ಅಕ್ಕಿ ಮಿಲ್ಲಿನಲ್ಲಿ ಕೂಲಿ ಮಾಡಿ, ರಜೆಯ ಭಾನುವಾರ ಹಸುವಿಗೆ ಹುಲ್ಲು ಕೊಯ್ಯುವ ನೆಪದಲ್ಲಿ ಅವಳು ಕರೇಬಂಡೆ ಗುಡ್ಡ ಹತ್ತುತ್ತಿದ್ದಳು. ತುದಿಯಲ್ಲಿ ಕುಡುಗೋಲು ಬಿಸಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಏಳು ತಲೆಮಾರನ್ನೂ ಬಿಡದೆ ಬೈಯುತ್ತಿದ್ದಳು. ಗಂಟಲು ಕಟ್ಟುವವರೆಗೆ ಬೈದು, ಅತ್ತು, ಮೂಗು ಒರೆಸಿಕೊಂಡು ಹುಲ್ಲಿನ ಹೊರೆಯೊಂದಿಗೆ ಇಳಿದರೆ ಆ ಮನೆಯ ಮುದ್ದೆ ಇನ್ನೊಂದು ವಾರ ಗಂಟಲಲ್ಲಿ ಇಳಿಯುತ್ತಿತ್ತು. ಆ ಗುಡ್ಡ ಇಲ್ಲದಿದ್ದರೆ ಯಾವತ್ತೋ ಕೆರೆ ಬಾವಿ ನೋಡಿಕೊಳ್ಳುತ್ತಿದ್ದಳು.

ಎಪ್ಪತ್ತೆಂಟನೇ ಇಸವಿಯ ಒಂದು ಭಾನುವಾರ ಬೆನ್ನಿಗೆ ಚೀಲ, ಕಾಲಿಗೆ ಬೂಟು ಹಾಕಿದ ಬೆಂಗಳೂರಿನ ನಾಲ್ಕೈದು ಜನ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅವಳನ್ನು ದಾರಿಯಲ್ಲಿ ನಿಲ್ಲಿಸಿದರು.

“ದೇವರಾಯನದುರ್ಗ ಸಂತೆ ಆಗ್ಬಿಟ್ಟಿದೆ ಅಮ್ಮ. ಜನ ಇಲ್ಲದ ಬೆಟ್ಟ ಯಾವುದಾದ್ರೂ ಇದ್ರೆ ಹೇಳಿ,” ಎಂದ ಕನ್ನಡಕದವನು.

ಹೇಳಿ! ಅವಳನ್ನು ಯಾರಾದರೂ ಬಹುವಚನ ಕೊಟ್ಟು ಮಾತಾಡಿಸಿ ಎಷ್ಟು ಕಾಲವಾಗಿತ್ತೋ. ಪಾಪ, ಹಿಗ್ಗಿಹೋದಳು.

“ಅಗೋ, ಕರೇಬಂಡೆ ಗುಡ್ಡ. ಒಂದು ನರಪಿಳ್ಳೆನೂ ಇರಾಕಿಲ್ಲ ಸ್ವಾಮಿ,” ಎಂದು ಕೈ ತೋರಿಸಿದಳು. ತಾನೂ ಒಂದು ನರಪಿಳ್ಳೆ ಎನ್ನುವುದು ಅವಳಿಗೇ ಹೊಳೆಯಲಿಲ್ಲ.

ಮುಂದಿನ ಭಾನುವಾರ ಅವರು ಇನ್ನಷ್ಟು ಸ್ನೇಹಿತರನ್ನು ಕರೆದುಕೊಂಡು ಮೊದಲೇ ಹತ್ತಿ ಕೂತಿದ್ದರು. ಅದು ಗೊತ್ತಿಲ್ಲದೆ ಪುಟ್ಟಗಂಗಮ್ಮ ತುದಿಯಲ್ಲಿ ನಿಂತು, “ಎಲಾ ಹಾಳಾದವ್ನೆ, ನಿನ್ ಮನೆ ಎಕ್ಕುಟ್ಟೋಗ! ನನ್ ಹೊಟ್ಟೆ ಉರಿಸ್ದಲ್ಲೋ!” ಎಂದು ಶುರುಮಾಡಿದಳು. ಬಂಡೆಯ ಮರೆಯಿಂದ ಕನ್ನಡಕದವನು ತುಟಿಯ ಮೇಲೆ ಬೆರಳಿಟ್ಟುಕೊಂಡು ಎದ್ದು ಬಂದ.

“ಅಮ್ಮ, ಗಲಾಟೆ ಮಾಡ್ಬೇಡಿ. ಇನ್ಮೇಲೆ ಭಾನುವಾರ ಭಾನುವಾರ ನಾವು ಇಲ್ಲಿಗೇ ಬರೋದು. ಸದ್ದುಗದ್ದಲ ಇರಲ್ಲ ಅಂತಾನೇ ಬರೋದು.”

ಈಗಲೂ ಬಹುವಚನವೇ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬಾಯಿಗೆ ಬಂದ ಬೈಗುಳ ನುಂಗಿಕೊಂಡು, ಕುಡುಗೋಲು ಎತ್ತಿಕೊಂಡು ಅವಳು ಇಳಿದಳು.

ಬರಿಗೈಯಲ್ಲಿ ಬಂದವಳನ್ನು ಕಂಡು ರಂಗಲಕ್ಷ್ಮಮ್ಮ, “ಯಾಕಕ್ಕಾ, ಹುಲ್ಲು ಸಿಗ್ಲಿಲ್ವಾ?” ಎಂದಳು. ಜಗಲಿಯ ಮೇಲೆ ಚಿಕ್ಕಹನುಮಯ್ಯ ಎಲೆಅಡಿಕೆ ಮೆಲ್ಲುತ್ತಿದ್ದ.

“ಗುಡ್ಡದ್ ಮ್ಯಾಲೆ ಜನ ಅವ್ರೆ,” ಎಂದು ಪುಟ್ಟಗಂಗಮ್ಮ ಮೆತ್ತಗೆ ಹೇಳಿ, ಅವನಿಗೆ ಮುದ್ದೆ ಬಡಿಸಲು ಒಳಗೆ ಹೋದಳು.