ಗೀಸರಿನ ಕಿರುಜ್ವಾಲೆಯೂ ಒಂದು ಕಾಫಿ ಚೀಲವೂ

ನಮ್ಮ ಮನೆಯ ಗ್ಯಾಸ್ ಗೀಸರಿನ ಹೊಟ್ಟೆಯೊಳಗೆ ಅವರೆಕಾಳಿನಷ್ಟು ಗಾತ್ರದ ಒಂದು ಜ್ವಾಲೆ ಹಗಲಿರುಳೂ ಉರಿಯುತ್ತಿರುತ್ತದೆ. ನಲ್ಲಿ ತಿರುಗಿಸಿದೊಡನೆ ಒಳಗಿನ ದೊಡ್ಡ ಉರಿಗೆ ಬೆಂಕಿ ಮುಟ್ಟಿಸುವುದಷ್ಟೇ ಅದರ ಉದ್ಯೋಗ. ರಿಪೇರಿಯವರು ಅದನ್ನು ಪೈಲಟ್ ಎನ್ನುತ್ತಾರೆ. ಹಾರದೆ, ಹಾರಿಸದೆ, ಕೂತಲ್ಲೇ ಕೂತಿರುವವನಿಗೆ ಆ ಹೆಸರನ್ನು ಯಾರಿಟ್ಟರೋ! ಪಾಲಿಬೆಟ್ಟದ ಕಡೆ ಹಳೇ ಬಂಗಲೆಯೊಂದನ್ನು ಕೆಡವುವಾಗ ಅಗ್ಗಕ್ಕೆ ಸಿಕ್ಕಿದ ಆ ಯಂತ್ರವನ್ನು ತಂದು ಬಚ್ಚಲಿನೊಳಗೆ ಹಾಕಿಸಿದವನು ನಾನೇ.

ನಾನು ಎಸ್ಟೇಟಿನಲ್ಲಿ ಬಹಳ ವರ್ಷ ರೈಟರಾಗಿದ್ದವನು, ಅಂದರೆ ಆಳುಗಳ ಹಾಜರಿಯಿಂದ ಹಿಡಿದು ಕಾಫಿ ಗೋಡೌನಿನ ಬೀಗದವರೆಗೆ ನೋಡಿಕೊಂಡವನು. ಒಣಗಿದ ಕಾಫಿಗೆ ಹೊರಗಿನ ತೇವ ತಗುಲಬಾರದು. ಹಾಗಾಗಿ ಸಂದು ಕಂಡಲ್ಲೆಲ್ಲ ಗೋಣಿಚೀಲ ತುರುಕುವುದು ಕೈಗೆ ಹತ್ತಿದ ಅಭ್ಯಾಸ. ನನಗೆ ನಿವೃತ್ತಿಯಾದರೂ ಕೈಗೆ ಆಗಿಲ್ಲ ನೋಡಿ. ಈ ಸಲ ಕಾಫಿ ಕೊಯ್ಲಿನ ದಿನಗಳ ಚಳಿಗಾಳಿ ಬಚ್ಚಲಿನ ಗವಾಕ್ಷಿಯಿಂದ ನುಗ್ಗಿ ಆ ಜ್ವಾಲೆಯನ್ನು ಮತ್ತೆ ಮತ್ತೆ ಆರಿಸತೊಡಗಿದಾಗ, ಒಂದು ಕಾಫಿ ಚೀಲವನ್ನು ಮಡಚಿ ಅಲ್ಲಿಗೆ ತುರುಕಿದೆ. ಗಾಳಿ ನಿಂತಿತು, ಬಚ್ಚಲು ಬೆಚ್ಚಗಾಯಿತು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಾಲ್ಕೈದು ದಿನಕ್ಕೆ ಜ್ವಾಲೆ ಹಳದಿಗೆ ತಿರುಗಿ ಸೊರಗಿತು. ಹಸಿವಾಗಿರಬೇಕೆಂದು ಪಕ್ಕದ ತಿರುಪನ್ನು ತಿರುವಿ ಗ್ಯಾಸ್ ಹೆಚ್ಚಿಸಿದೆ. ಉದ್ದವಾಯಿತು, ಇನ್ನಷ್ಟು ಹಳದಿಯಾಯಿತು. ದೀಪವೆಂದರೆ ಹಳದಿಯೇ ಅಲ್ಲವೇ ಎಂದು ಸಮಾಧಾನಪಟ್ಟೆ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದ ನನ್ನ ಹೆಂಡತಿ ಜಾನಕಿ ಗೋಡೆ ಹಿಡಿದುಕೊಂಡು ಹೊರಬಂದಳು. "ರೀ, ತಲೆ ಗಿರ್ರ್ ಅಂತದೆ, ಕಾಲಲ್ಲಿ ಶಕ್ತಿಯೇ ಇಲ್ಲ" ಎಂದು ಹೊಸ್ತಿಲಲ್ಲೇ ಕುಸಿದಳು. ಅಂಗಳಕ್ಕೆ ಕರೆತಂದು ಕೂರಿಸಿದೆ. ಗಾಳಿಗೆ ಮುಖವೊಡ್ಡಿ ನಿಧಾನಕ್ಕೆ ಚೇತರಿಸಿಕೊಂಡಳು. ಪಿತ್ತವಿರಬೇಕು ಎಂದೆ, ಮಹಾವೈದ್ಯನ ಹಾಗೆ.

ಜ್ವಾಲೆ ನೋಡಲೆಂದು ಸುಂಟಿಕೊಪ್ಪದಿಂದ ಬಂದ ರಿಪೇರಿಯ ಬಾಬು, ಜಾನಕಿಗೆ ತಲೆ ತಿರುಗಿದ ಕಥೆ ಕೇಳಿದವನೇ ಗೀಸರಿಗಿಂತ ಮೊದಲು ಗವಾಕ್ಷಿ ನೋಡಿದ.

"ಈ ಚೀಲ ಯಾರು ಸಾರ್ ಇಟ್ಟದ್ದು?"

"ನಾನೇ."

"ಬೆಂಕಿಗೂ ಉಸಿರು ಬೇಕಲ್ಲಾ ಸಾರ್? ಅದಕ್ಕೆ ಗಾಳಿ ಸಿಗದಿದ್ರೆ ವಿಷ ಬಿಡ್ತದೆ. ಅಕ್ಕ ಇನ್ನೊಂದು ಐದು ನಿಮಿಷ ಒಳಗಿದ್ದಿದ್ರೆ..."

ಆ ಚೀಲವನ್ನು ಕಿತ್ತು ಅಂಗಳಕ್ಕೆಸೆದೆ. ಹೆದರಿದೆ ಎನ್ನಲು ನಾಚಿಕೆಯಿಲ್ಲ. ಬಾಬು ಗೀಸರನ್ನು ಬಚ್ಚಲಿನಿಂದ ಕಿತ್ತು ಹೊರಗೋಡೆಗೆ ಕೂರಿಸಿ, ಮಸಿ ಕಟ್ಟಿದ ತೂತು ಬಿಡಿಸಿ, ನಾನು ಹೆಚ್ಚಿಸಿದ್ದ ತಿರುಪನ್ನು ಇಳಿಸಿದ. ಜ್ವಾಲೆ ಗಿಡ್ಡಗಾಗಿ ನೀಲಿಯಾಯಿತು. ಹೊರಗೆ ಗಾಳಿಗೆ ಆರುವುದಿಲ್ಲವೇ ಎಂದು ಕೇಳಿದೆ. "ಆರಿದ್ರೆ ಗ್ಯಾಸ್ ತಾನೇ ನಿಲ್ತದೆ, ಮತ್ತೆ ಹಚ್ಚಿದ್ರಾಯ್ತು" ಎಂದ.

ಕಾಪಾಡುವುದೆಂದರೆ ಮುಚ್ಚಿಡುವುದು ಎಂದು ನಂಬಿ ಬದುಕಿದವನು ನಾನು, ಗೆಳೆಯರೇ. ಕಾಫಿಯ ಮಟ್ಟಿಗೆ ಆ ವಿದ್ಯೆ ಸರಿ, ಮೂಟೆಗೆ ಸ್ನಾನವಿಲ್ಲ, ತವರಿಲ್ಲ. ಚಳಿಗೆ ಹೊರಗೆ ಬೇಡ, ಬಸ್ಸಿನಲ್ಲಿ ಒಬ್ಬಳೇ ಬೇಡ ಎಂದು ಜಾನಕಿಯ ಸುತ್ತಲೂ ಎಷ್ಟು ಚೀಲ ತುರುಕಿದ್ದೆನೋ, ಲೆಕ್ಕವಿಟ್ಟಿಲ್ಲ. ಮೊನ್ನೆ ಅವಳು ಒಬ್ಬಳೇ ತವರಿಗೆ ಹೋಗಿಬಂದಳು.

ಈಗ ಆ ಜ್ವಾಲೆ ಆಗಾಗ ಗಾಳಿಗೆ ಆರುತ್ತದೆ, ಗೊಣಗದೆ ಹಚ್ಚುತ್ತೇನೆ. ಜಾನಕಿ ಸ್ನಾನಕ್ಕೆ ಹೋದಾಗ ಹೊರಗೆ ನಿಂತು, ಆ ನೀಲಿಯನ್ನು ನೋಡುತ್ತ, "ಏನೇ, ಇದ್ದೀಯಾ?" ಎಂದು ಕೂಗುತ್ತೇನೆ.

"ಇದ್ದೇನೆ ಮಾರಾಯ್ರೆ! ನೆಮ್ಮದಿಯಾಗಿ ಮೀಯಲಿಕ್ಕೂ ಬಿಡುದಿಲ್ವಾ ನೀವು?"

ಆ ಬೈಗುಳ ಕೇಳಿದ ಮೇಲೆಯೇ ನಾನು ಅಲ್ಲಿಂದ ಕದಲುವುದು.