ಮಧ್ಯದಲ್ಲೇ ನಿಂತ ಹಾಡಿನ ಪಂಡಿತ

ಈ ಜಗತ್ತಿನಲ್ಲಿ ನಾನು ಅಧಿಕಾರದಿಂದ ಮಾತಾಡಬಲ್ಲ ವಿಷಯ ಒಂದೇ. ಅದು ನನ್ನ ಕೆಲಸವಲ್ಲ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ನಾನು ಏನು ಮಾಡುತ್ತೇನೆಂದು ನನ್ನ ಮ್ಯಾನೇಜರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ವಿಷಯ ಇಂಗ್ಲೆಂಡಿನ ಒಂದು ಇಂಡೀ ಪಾಪ್ ಬ್ಯಾಂಡು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರು. ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಿರಲಾರದು. ಗೊತ್ತಿದ್ದುಬಿಟ್ಟರೆ ನನಗೆ ಬೇಜಾರಾಗುತ್ತದೆ.

ಅವರ ಚರಿತ್ರೆ ಚಿಕ್ಕದು. ನಾಲ್ವರು ಸೇರಿ ಯಾರದೋ ಗ್ಯಾರೇಜಿನಲ್ಲಿ ಮೊದಲ ಆಲ್ಬಮ್ ರೆಕಾರ್ಡ್ ಮಾಡಿದರು. ಕೆಲವರು ಮೆಚ್ಚಿದರು, ಯಾರೂ ಕೊಳ್ಳಲಿಲ್ಲ. ಎರಡನೆಯದನ್ನು ಕೊನೆಗೂ ದೊಡ್ಡ ಕಂಪನಿಯೇ ಮಾಡಿಸಿತು. ಎಲ್ಲರೂ ಕೊಂಡರು, ಮೆಚ್ಚಿದ್ದವರು ಮುನಿಸಿಕೊಂಡರು. ಮೂರನೆಯದರ ಹೊತ್ತಿಗೆ ಹಾಡುವವನಿಗೂ ಡ್ರಮ್ ಬಾರಿಸುವವಳಿಗೂ ಮಾತು ಬಿಟ್ಟಿತ್ತು. ಇಬ್ಬರೂ ಬೇರೆ ಬೇರೆ ದಿನ ಸ್ಟುಡಿಯೋಗೆ ಬಂದು ತಮ್ಮ ಪಾಲಿನದನ್ನು ಮುಗಿಸಿ ಹೋಗುತ್ತಿದ್ದರಂತೆ. ಆಮೇಲೆ ಬಹಳ ವರ್ಷ ಮೌನ, ಈಗ ಪುನರ್ಮಿಲನ. ನಮ್ಮ ಕುಟುಂಬಗಳ ಕಥೆಗೂ ಇದಕ್ಕೂ ವ್ಯತ್ಯಾಸವೆಂದರೆ ಇವರ ಹತ್ತಿರ ಗಿಟಾರ್ ಇತ್ತು.

ಮೊದಲ ಆಲ್ಬಮ್ ನನಗೆ ಸಿಕ್ಕಿದ್ದು ಮೈಸೂರಿನ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಗೆಳೆಯನೊಬ್ಬ ಬರ್ನ್ ಮಾಡಿಕೊಟ್ಟ ಸಿಡಿಯಲ್ಲಿ. ಅದರ ಕೊನೆಯ ಹಾಡು ಎರಡು ನಿಮಿಷ ಚೆನ್ನಾಗಿ ಸಾಗಿ, ಒಂದು ಸಾಲಿನ ಮಧ್ಯದಲ್ಲಿ ಫಕ್ಕನೆ ನಿಂತುಬಿಡುತ್ತಿತ್ತು. ನಾನು ಬೆರಗಾದೆ. ನಮ್ಮ ಕಛೇರಿಗಳಲ್ಲಿ ಕೇಳುಗರು ಚಪ್ಪಲಿ ಹುಡುಕತೊಡಗಿದರೂ ವಿದ್ವಾಂಸರು ಮಂಗಳ ಹಾಡದೆ ಏಳುವುದಿಲ್ಲ. ಇವರು ವಾಕ್ಯವನ್ನೂ ಮುಗಿಸದೆ ಎದ್ದು ಹೋಗಿದ್ದಾರೆ!

ಮುಂದೆ ಓದಲು ಮೆಲ್ಬರ್ನ್‌ಗೆ ಬಂದಾಗ, ಐದು ಜನ ಹಂಚಿಕೊಂಡಿದ್ದ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಈ ನಿಲುಗಡೆಯ ತತ್ವವನ್ನು ಅನ್ನ ಬೇಯುವವರೆಗೂ ವಿವರಿಸುತ್ತಿದ್ದೆ. ಕೇಳುವವರ ತಾಳ್ಮೆಗೆ ತಕ್ಕಂತೆ ಅದು ವಿರಹವಾಗುತ್ತಿತ್ತು, ಇಲ್ಲವೇ ಬಂಡವಾಳಶಾಹಿಯ ವಿರುದ್ಧ ಪ್ರತಿಭಟನೆಯಾಗುತ್ತಿತ್ತು. ಮದುವೆಗೆ ಮುಂಚೆ ಸುಮಾಳಿಗೂ ಫೋನಿನಲ್ಲಿ ಇದನ್ನೇ ವಿವರಿಸಿದ್ದೆ. ಆದರೂ ಅವಳು ನನ್ನನ್ನು ಒಪ್ಪಿದಳು.

ನಮ್ಮ ಮಗಳು ಇಂಚರಾಗೆ ಈಗ ಹದಿನೈದು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಬಂದರೆ. ಸಿಡ್ನಿಯ ಎಪ್ಪಿಂಗ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳ ರೂಮಿನ ಬಾಗಿಲು ಒಂದು ವರ್ಷದಿಂದ ಮುಚ್ಚಿಕೊಂಡೇ ಇತ್ತು. ಒಂದು ದಿನ ಅದರಾಚೆಯಿಂದ ನನ್ನ ಬ್ಯಾಂಡು ಕೇಳಿಸಿತು. ಬಾಗಿಲು ತಟ್ಟಿ, "ಇದು ಎರಡನೇ ಆಲ್ಬಮ್, ಅಷ್ಟಕ್ಕಷ್ಟೇ," ಎಂದೆ. ಬಾಗಿಲು ತೆರೆಯಿತು.

"ಅಪ್ಪ, ಯು ನೋ ದೆಮ್?"

ಮಗಳ ಕಣ್ಣಲ್ಲಿ ಗೌರವ ಕಂಡು ಎಷ್ಟು ದಿನವಾಗಿತ್ತೋ! ಅಂದಿನಿಂದ ದಿನವೂ ಊಟದ ಹೊತ್ತಿಗೆ ನನ್ನ ಪ್ರವಚನ, ಅವಳ ಪ್ರಶ್ನೆ. ಮೊದಲ ಆಲ್ಬಮನ್ನು ಮಾತ್ರ ಫೋನಿನಲ್ಲಿ ಕೇಳಬೇಡ, ಎಲ್‌ಪಿ ರೆಕಾರ್ಡನ್ನೇ ತರಿಸೋಣ ಎಂದು ಅಪ್ಪಣೆ ಕೊಡಿಸಿದೆ. ನಾನಂತೂ ಹಾಸ್ಟೆಲಿನ ಅದೇ ಕಾಪಿಯನ್ನು ಸಿಡಿಯಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಫೋನಿಗೆ ಹೊತ್ತು ತಂದವನು. ಆ ಆಲ್ಬಮ್ಮಿನ ಬೇರೆ ಯಾವ ಕಾಪಿಯನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಬ್ಯಾಂಡು ಮೆಲ್ಬರ್ನ್‌ಗೆ ಬರುವ ಸುದ್ದಿ ಬಂತು. ಇಬ್ಬರಿಗೂ ಟಿಕೆಟ್ ಬುಕ್ ಮಾಡಿದೆ.

ರೆಕಾರ್ಡು ಬಂದ ಶನಿವಾರ ಮೂವರೂ ಕೂತೆವು. ಕೊನೆಯ ಹಾಡು ಬಂತು. "ಈಗ ನಿಲ್ಲುತ್ತೆ ನೋಡು," ಎಂದು ಬೆರಳೆತ್ತಿದೆ.

ನಿಲ್ಲಲಿಲ್ಲ. ಸಾಲು ಪೂರ್ತಿಯಾಯಿತು. ಎಂದೂ ಹಾಡದ ಡ್ರಮ್ಮಿನವಳು ಹಾಡಲು ಶುರುಮಾಡಿದಳು. ಹಿಂದಿನಿಂದ ಒಂದು ಟ್ರಂಪೆಟ್ ಕೂಡ ಬಂತು. ಬೆರಳು ಇಳಿಸುವುದು ಹೇಗೆಂದು ನನಗೆ ತೋಚಲಿಲ್ಲ. ಹಾಸ್ಟೆಲಿನ ಗೆಳೆಯನ ಡೌನ್‌ಲೋಡು ಅರ್ಧಕ್ಕೇ ಕೈಕೊಟ್ಟಿತ್ತು, ಅಷ್ಟೇ. ಇಪ್ಪತ್ತು ವರ್ಷ ನಾನು ಭಾಷ್ಯ ಬರೆದದ್ದು ಒಂದು ಕೆಟ್ಟ ಇಂಟರ್ನೆಟ್ ಲೈನಿಗೆ.

"ಏನ್ರೀ, ಅರ್ಧ ಹಾಡಿಗೆ ಅಷ್ಟು ಭಾಷಣನಾ?" ಎಂದು ಸುಮಾ ನಕ್ಕಳು. ಇಂಚರಾ ನಗಲಿಲ್ಲ.

"ಸೋ ಯು ಜಸ್ಟ್ ಮೇಡ್ ಇಟ್ ಅಪ್?" ಎಂದು ರೆಕಾರ್ಡು ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಮತ್ತೆ ಮುಚ್ಚಿತು. ಗೊತ್ತಿಲ್ಲವೆನ್ನಬೇಕಾದಲ್ಲೆಲ್ಲ ಸಿದ್ಧಾಂತ ಹೇಳುವುದು ನನ್ನ ಹಳೆಯ ಚಾಳಿ. ಈ ಸಲ ಅದರ ಬೆಲೆ ತಿಳಿಯಿತು.

ನನ್ನ ಟಿಕೆಟ್ಟನ್ನು ಗೆಳತಿಗೆ ಕೊಡಬೇಕೆಂದಿದ್ದಳಂತೆ. ಆ ಗೆಳತಿಯ ಅಮ್ಮ ಮೆಲ್ಬರ್ನ್‌ವರೆಗೆ ಕಳಿಸಲು ಒಪ್ಪಲಿಲ್ಲ. ಹೀಗೆ ನಾನು ಆಯ್ಕೆಯಾದೆ. ವಿಮಾನದಲ್ಲಿ ಅವಳ ಕಿವಿಯಲ್ಲಿ ಇಯರ್‌ಫೋನ್, ನನ್ನ ಕೈಯಲ್ಲಿ ಸುಮಾ ಕಟ್ಟಿಕೊಟ್ಟ ಚಪಾತಿ ರೋಲ್.

ಶೋ ಇದ್ದದ್ದು ಭಾನುವಾರ ಮಧ್ಯಾಹ್ನ. ಬ್ಯಾಂಡಿನವರಿಗೂ ವಯಸ್ಸಾಗಿದೆ, ಬೇಗ ಮಲಗಬೇಕೇನೋ. ಹಾಡುವವನ ತಲೆ ನನ್ನದಕ್ಕಿಂತ ಬೋಳಾಗಿತ್ತು. ಕೊನೆಗೆ ಆ ಹಾಡು ಬಂತು. ಎರಡು ನಿಮಿಷ ಕಳೆದು, ಸಾಲಿನ ಮಧ್ಯದ ಆ ಜಾಗ ಬಂದದ್ದೇ ತಡ, ನನ್ನ ಎರಡೂ ಕೈಗಳು ಹಳೆಯ ಅಭ್ಯಾಸಬಲದಿಂದ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟವು. ಇಡೀ ಸಭೆಯಲ್ಲಿ ನಾನೊಬ್ಬನೇ. ಮುಂದಿನ ಸಾಲಿನವರು ತಿರುಗಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಇಂಚರಾ ನನ್ನ ಕೈಯನ್ನು ಗಬಕ್ಕನೆ ಹಿಡಿದು ಕೆಳಗಿಳಿಸಿದಳು. ನಗು ತಡೆಯಲಾರದೆ ಅವಳ ಭುಜ ಕುಣಿಯುತ್ತಿತ್ತು. ಕಿವಿಯ ಹತ್ತಿರ ಬಂದು, "ಅಪ್ಪ, ಇನ್ನೂ ಇದೆ," ಎಂದಳು. ಕನ್ನಡದಲ್ಲಿ.

ಹಿಡಿದ ಕೈಯನ್ನು ಹಾಡು ಮುಗಿಯುವವರೆಗೂ ಬಿಡಲಿಲ್ಲ. ಆ ಮುಂದಿನ ಭಾಗದಲ್ಲಿ ಅವರು ಏನು ಹಾಡಿದರೋ, ಟ್ರಂಪೆಟ್ ಯಾವಾಗ ಬಂತೋ, ಒಂದೂ ನನ್ನ ಕಿವಿಗೆ ಬೀಳಲಿಲ್ಲ. ಈಗ ಯಾರಾದರೂ ಕೇಳಿದರೆ, ಆ ಹಾಡಿನ ಉಳಿದರ್ಧ ನನಗೆ ಗೊತ್ತಿಲ್ಲ, ನನ್ನ ಮಗಳನ್ನು ಕೇಳಿ, ಎನ್ನುತ್ತೇನೆ.