ಹೊಸ್ತಿಲು ದಾಟದ ರೆಕಾರ್ಡುಗಳು

ಒಂದು ಕಂಪ್ಯೂಟರ್ ಕೊಳ್ಳುವುದು ಇಷ್ಟು ರಗಳೆಯ ಕೆಲಸ ಎಂದು ಮೊದಲೇ ಗೊತ್ತಿದ್ದರೆ ನಾನು ಅವ್ವನ ಮಾತಿಗೆ ಹೂಂ ಎನ್ನುತ್ತಲೇ ಇರಲಿಲ್ಲ. ಆಗ ನಾನು ಭೀಮರಾಯನಗುಡಿ ಕ್ಯಾಂಪಿನ ನೀರಾವರಿ ಕಚೇರಿಯಲ್ಲಿ ಕ್ಲರ್ಕ್. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಕ್ವಾರ್ಟರ್ಸಿನಲ್ಲಿ ಇದ್ದಳು. ಒಂದು ಸಂಜೆ ತೊಗರಿಬೇಳೆ ಹಸನು ಮಾಡುತ್ತ ಕುಳಿತವಳು ಇದ್ದಕ್ಕಿದ್ದಂತೆ ಹೇಳಿದಳು.

“ನಿಮ್ಮಪ್ಪನ ಆ ನಾಟಕ ಒಮ್ಮಿ ಪೂರಾ ಕೇಳಬೇಕಾಗ್ಯಾದ ನೋಡು. ಇಬ್ರನ್ನೂ ಕೂಡ್ಸಿಕೊಂಡು.”

ಇಬ್ಬರು ಎಂದರೆ ಸುರಪುರದಲ್ಲಿರುವ ನನ್ನ ಅಣ್ಣ, ಯಾದಗಿರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ತಮ್ಮ. ಇಬ್ಬರ ನಡುವೆ ಆರು ವರ್ಷದಿಂದ ಮಾತಿರಲಿಲ್ಲ. ವಾಟ್ನಿಯಾದಾಗ, ಅಂದರೆ ಆಸ್ತಿ ಪಾಲಾದಾಗ, ಎರಡೂ ಹೊಲ ಒಂದೇ ತರಹದ ಒಣ ನೆಲ. ಎರಡು ವರ್ಷಕ್ಕೆ ಕಾಲುವೆ ಬಂತು. ಅಣ್ಣನ ಹೊಲಕ್ಕೆ ನೀರು ಹತ್ತಿತು, ದಿಬ್ಬದ ಮೇಲಿದ್ದ ತಮ್ಮನ ಹೊಲಕ್ಕೆ ಹತ್ತಲಿಲ್ಲ. ಕಾಲುವೆಯ ನಕಾಶೆಯನ್ನು ನಾನೇ ಅಣ್ಣನಿಗೆ ಪಾಲಿಗಿಂತ ಮುಂಚೆಯೇ ತೋರಿಸಿದ್ದೆ ಎಂದು ತಮ್ಮನ ಗುಮಾನಿ. ಕಚೇರಿಯಲ್ಲಿ ನಾನು ಬಂದ ಟಪಾಲಿಗೆ ಠಸ್ಸೆ ಹೊಡೆಯುವವಳು. ನಕಾಶೆಯನ್ನು ದೂರದಿಂದ ಕೂಡ ನೋಡಿದವಳಲ್ಲ. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಅವನು ನಂಬಲಿಲ್ಲ.

ನಾಟಕದ ವಿಷಯ ಹೇಳುತ್ತೇನೆ. ಅಪ್ಪನದು ಶಹಾಪುರದಲ್ಲಿ ಬಾಡಿಗೆ ಮೈಕ್ ಸೆಟ್. ಕಾಲುವೆಯ ಕೆಲಸ ಭರದಿಂದ ನಡೆದ ಕಾಲ ಅದು. ಕ್ಯಾಂಪಿನಲ್ಲಿ ಇವತ್ತು ಭೂಮಿಪೂಜೆ, ನಾಳೆ ಸಾಹೇಬರ ಮಗುವಿನ ತೊಟ್ಟಿಲು, ನಾಡಿದ್ದು ಗುತ್ತಿಗೆದಾರನ ಮಗಳ ಮದುವೆ. ಶಿರವಾಳದಿಂದ ತಿಂಥಣಿಯವರೆಗೆ ಅಪ್ಪ ಮೈಕಿನ ಭೋಂಗಾ ಕಟ್ಟದ ಬೇವಿನ ಮರ ಇರಲಿಕ್ಕಿಲ್ಲ. ಮದುವೆಯ ಹಿಂದಿನ ದಿನ ಮಧ್ಯಾಹ್ನ ಒಂದು ನಾಟಕ ಹಚ್ಚುತ್ತಿದ್ದ. ನಾಲ್ಕು ದೊಡ್ಡ ರೆಕಾರ್ಡು, ಎಂಟು ಮಗ್ಗುಲು. ಮೊದಲನೆಯದರಲ್ಲಿ ರಾಜಕುಮಾರಿಯ ಮದುವೆ, ಎರಡನೆಯದರಲ್ಲಿ ಅವಳ ಮೇಲೆ ಅಪವಾದ, ಮೂರನೆಯದರಲ್ಲಿ ಕಾಡಿನ ವಾಸ, ನಾಲ್ಕನೆಯದರಲ್ಲಿ ತಿರುಗಿ ಅರಮನೆ. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಕಾಡಿನ ಭಾಗ ಬಂದಾಗ ಕೈ ನಿಲ್ಲಿಸಿ ಕಣ್ಣೊರೆಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಪಾಲು ಮಾಡಿದ ಹಿರಿಯರ ಬುದ್ಧಿಗೆ ಏನು ಹೇಳುವುದು! ಹೊಲ, ಮನೆ, ಹಂಡೆ, ಕೊಡ ಎಲ್ಲ ಮುಗಿದ ಮೇಲೆ ಮೈಕ್ ಸೆಟ್ಟಿಗೆ ಕೈ ಹಾಕಿದರು. ಪ್ಲೇಯರ್ ಅಣ್ಣನಿಗೆ, ಆಂಪ್ಲಿಫೈಯರ್ ತಮ್ಮನಿಗೆ. ರೆಕಾರ್ಡುಗಳನ್ನು ಚಾಪೆಯ ಮೇಲೆ ಹರವಿ, ಇವನಿಗೊಂದು ಅವನಿಗೊಂದು ಎಂದು ತಟ್ಟೆ ಬಟ್ಟಲು ಹಂಚಿದ ಹಾಗೆ ಹಂಚಿದರು. ನಾಟಕದ ಒಂದನೆಯ, ಮೂರನೆಯ ರೆಕಾರ್ಡು ಅಣ್ಣನಿಗೆ ಹೋದವು, ಎರಡನೆಯ, ನಾಲ್ಕನೆಯವು ತಮ್ಮನಿಗೆ. ಅಣ್ಣನ ಮನೆಯಲ್ಲಿ ರಾಜಕುಮಾರಿ ಮದುವೆಯಾದವಳೇ ಕಾರಣವಿಲ್ಲದೆ ಕಾಡಿಗೆ ಹೋಗುತ್ತಿದ್ದಳು, ತಮ್ಮನ ಮನೆಯಲ್ಲಿ ಕಾಡಿಗೆ ಹೋಗದೆಯೇ ವಾಪಸ್ ಬರುತ್ತಿದ್ದಳು. ಹೆಣ್ಣುಮಕ್ಕಳನ್ನು ವಾಟ್ನಿಗೆ ಕರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಕರೆದಿದ್ದರೆ ಆ ಹಿರಿಯರನ್ನು ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ.

ರೆಕಾರ್ಡನ್ನು ಕಂಪ್ಯೂಟರಿಗೆ ಇಳಿಸಿ, ಕರಕರ ಶಬ್ದ ತೆಗೆದು, ನಾಲ್ಕನ್ನೂ ಜೋಡಿಸಬಹುದು ಎಂದು ಹೇಳಿದವರು ನಮ್ಮ ಕಚೇರಿಯ ಕಂಪ್ಯೂಟರ್ ಆಪರೇಟರ್. ನನಗೆ ಅದು ಸರಿ ಎನಿಸಿತು. ನಾಟಕ ಪೂರಾ ಆದರೆ ಕೇಳುವ ನೆಪದಿಂದಲಾದರೂ ಇಬ್ಬರೂ ಅವ್ವನ ಮುಂದೆ ಬಂದು ಕೂತಾರು. ಅವ್ವನಿಗೆ ಬೇಕಾದದ್ದು ಅದೇ ಎಂಬುದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಕಂಪ್ಯೂಟರಿನ ವಿಷಯ.

ಮೊದಲು ಯಾದಗಿರಿಯ ಒಂದು ಅಂಗಡಿಗೆ ಹೋದೆ. ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಜಾತಕ ತೆಗಿಯಾಕೇನ್ರಿ?” ಎಂದ. ಅಲ್ಲ ಎಂದು ರೆಕಾರ್ಡಿನ ಕಥೆ ಪೂರಾ ಹೇಳಿದೆ. ಅವನು ಎಲ್ಲ ಕೇಳಿ ನಕ್ಕ.

“ಅಷ್ಟ ತ್ರಾಸ ಯಾಕ ತಗೋತೀರಿ ಅಕ್ಕಾರ? ನಮ್ಮ ಹಂತೇಲಿ ಕಂಪ್ಯೂಟರ್ ತಗೋರಿ, ಐದ್ನೂರು ಹಾಡು ಫುಕಟ್ ತುಂಬಿಸಿ ಕೊಡ್ತೀನಿ.”

“ನನಗ ಹಾಡು ಬ್ಯಾಡ್ರಿ. ನಮ್ಮ ರೆಕಾರ್ಡು ಇಳಿಸಬೇಕು.”

“ಭಕ್ತಿಗೀತಿ ಹಾಕಿ ಕೊಡ್ಲೇನ್ರಿ ಹಂಗಾದ್ರ?”

ಹಣೆ ಹಣೆ ಬಡಿದುಕೊಂಡು ಹೊರಗೆ ಬಂದೆ. ಶಹಾಪುರದ ಇನ್ನೊಂದು ಅಂಗಡಿಯವನು ಗಂಟೆಗಟ್ಟಲೆ ರ‍್ಯಾಮ್, ಪ್ರೊಸೆಸರ್, ಹಾರ್ಡ್ ಡಿಸ್ಕ್ ಎಂದು ಭಾಷಣ ಬಿಗಿದ. ರೆಕಾರ್ಡ್ ಪ್ಲೇಯರಿನ ವೈರನ್ನು ಇದಕ್ಕೆ ಎಲ್ಲಿ ಚುಚ್ಚಬೇಕು ಎಂದು ಕೇಳಿದ್ದಕ್ಕೆ ಕಂಪ್ಯೂಟರನ್ನು ಹಿಂದೆ ಮುಂದೆ ತಿರುಗಿಸಿ, “ಎಲ್ಲರೆ ಇರ್ತದ್ರಿ” ಎಂದ. ಕಲಬುರಗಿಗೆ ಹೋಗಿಬಂದ ಆಪರೇಟರ್ ಕೊನೆಗೆ ಖಚಿತವಾಗಿ ಹೇಳಿದರು, ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರೇ ಸರಿ, ಅದಕ್ಕೆ ಒಳ್ಳೆಯ ಸೌಂಡ್ ಕಾರ್ಡ್ ಹಾಕಿಸಬಹುದು, ಶಬ್ದ ತೊಳೆಯುವ ಕೆಲಸಕ್ಕೆ ತ್ರಾಣವೂ ಇರುತ್ತದೆ. ಮೂರು ತಿಂಗಳ ಮೇಲೆ ಒಂದು ಉತ್ತರ ಸಿಕ್ಕಿತಲ್ಲ ಎಂದು ನೆಮ್ಮದಿಯಾಯಿತು. ಅಣ್ಣನಿಗೆ ಫೋನ್ ಮಾಡಿ ಎರಡು ರೆಕಾರ್ಡು ಕಳಿಸಿಕೊಡು ಎಂದೆ.

“ರೆಕಾರ್ಡ್ ನಮ್ಮ ಹೊಸ್ತಿಲಾ ದಾಟಂಗಿಲ್ಲ. ಅವನ ಕೈಗಿ ಹೋದ್ರ ವಾಪಸ್ ಬರ್ತಾವೇನು? ಬೇಕಿದ್ರ ನಿನ್ನ ಮಿಷಿನ್ ಇಲ್ಲಿಗಿ ತಗೊಂಡ್ ಬಾ.”

ತಮ್ಮನಿಗೆ ಮಾಡಿದೆ. ಅವನದು ಇನ್ನೂ ಒಂದು ಕೈ ಮೇಲೆ.

“ನಾನೂ ಕೊಡಂಗಿಲ್ಲ. ಅವನ ಮನ್ಯಾಗಿನ ಪ್ಲೇಯರ್ ಮ್ಯಾಲ ನನ್ನ ರೆಕಾರ್ಡ್ ಇಟ್ಟೀಯಂದ್ರ ನೋಡಕ್ಕಾ ಮತ್ತ!”

ಅಲ್ಲಿಗೆ ದೊಡ್ಡ ಕಂಪ್ಯೂಟರ್ ಕಥೆ ಮುಗಿಯಿತು. ಅದನ್ನು ಬಸ್ಸಿನಲ್ಲಿ ಹೊತ್ತು ಸುರಪುರಕ್ಕೂ ಯಾದಗಿರಿಗೂ ತಿರುಗಲು ನಾನೇನು ಹಮಾಲಿಯೇ? ಲ್ಯಾಪ್‌ಟಾಪ್ ಬೇಕು ಎಂದಾಯಿತು. ಲ್ಯಾಪ್‌ಟಾಪಿಗೆ ಸರಿಯಾದ ತೂತಿಲ್ಲ ಎಂದಾಯಿತು. ತೂತಿಗಾಗಿ ಹೊರಗಿನಿಂದ ಜೋಡಿಸುವ ಒಂದು ಪುಟ್ಟ ಡಬ್ಬಿ ಬೇಕು, ಜೊತೆಗೆ ಹೊಸ ಪ್ಲೇಯರೂ ಬೇಕು. ರ‍್ಯಾಮ್ ಕಡಿಮೆಯಿದ್ದರೆ ಒಂದು ಮಗ್ಗುಲು ತೊಳೆಯಲು ಅರ್ಧ ದಿನ ಹಿಡಿಯುತ್ತದಂತೆ. ಹೆಚ್ಚಿದ್ದರೆ ಬ್ಯಾಟರಿ ಬೇಗ ಇಳಿಯುತ್ತದಂತೆ. ಅಂತೂ ಹೆಗಲಿಗೆ ಭಾರವಾದ ಒಂದನ್ನು ಆರಿಸಿಕೊಂಡು ಮನೆಗೆ ತಂದಾಗ ಎಂಟು ತಿಂಗಳಾಗಿತ್ತು. ಅವ್ವ ಅದನ್ನು ಒಂದು ಸಲ ನೋಡಿ, ಅರಿಶಿನ ಕುಂಕುಮ ಹಚ್ಚಿ, ಒಳಗೆ ಹೋದಳು.

ಸುರಪುರದಲ್ಲಿ ರೆಕಾರ್ಡನ್ನು ಹೊರತೆಗೆದು ನೋಡಿದರೆ ಮೇಲೆಲ್ಲ ಬೂದಿ ಮೆತ್ತಿತ್ತು. ಅಪ್ಪ ಪ್ರತಿ ಮಹಾನವಮಿಗೆ ಎಲ್ಲ ಸಾಮಾನಿಗೂ ಪೂಜೆ ಮಾಡುತ್ತಿದ್ದ. ಒಂದೊಂದು ರೆಕಾರ್ಡಿಗೂ ಮೂರು ಬೆರಳಿನ ವಿಭೂತಿ. ಇಪ್ಪತ್ತೈದು ವರ್ಷದ ವಿಭೂತಿ ಗೀರುಗಳ ಒಳಗೆ ಇಳಿದು ಗಟ್ಟಿಯಾಗಿತ್ತು. ತೊಳೆಯುತ್ತೇನೆ ಎಂದು ನೀರು ಕೇಳಿದ್ದಕ್ಕೆ ಅತ್ತಿಗೆ ಬೆಚ್ಚಿಬಿದ್ದಳು.

“ಮಾವನೋರು ಹಚ್ಚಿದ್ದ ಈಬತ್ತಿ ಅದು. ಅಳಿಸಿದ್ರ ಮನಿಗಿ ಒಳ್ಳೇದಲ್ಲ.”

ಒಂದು ತಾಸು ಜಗ್ಗಾಡಿದ ಮೇಲೆ, ತೊಳೆದ ನೀರನ್ನು ತುಳಸಿಗೆ ಹಾಕುವ ಕರಾರಿನ ಮೇಲೆ ಒಪ್ಪಿದಳು. ಇನ್ನು ಇಳಿಸುವ ಕೆಲಸ. ರೆಕಾರ್ಡಿಂಗ್ ಎಂದೊಡನೆ ಅಣ್ಣ ಇಡೀ ಮನೆಗೆ ಸದ್ದು ಮಾಡಬಾರದೆಂದು ಹುಕುಂ ಹೊರಡಿಸಿದ. ಆಡನ್ನು ಬಿಚ್ಚಿ ದೂರದ ಗೂಟಕ್ಕೆ ಕಟ್ಟಿಸಿದ. ಶಬ್ದ ವೈರಿನಲ್ಲಿ ಹೋಗುತ್ತದೆ, ನೀವು ಕೂಗಾಡಿದರೂ ಇದಕ್ಕೆ ಕೇಳಿಸುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎಲ್ಲರೂ ಗೋಡೆಗೆ ಆತು ಉಸಿರು ಬಿಗಿಹಿಡಿದು ಕೂತರು. ಅತ್ತಿಗೆ ಕೆಮ್ಮು ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಈ ಎಲ್ಲ ಮೌನದ ನಡುವೆ ಅಣ್ಣನ ಗೆಳೆಯನೊಬ್ಬ ಬಂದು ಶೇಂಗಾದ ಚೀಲವನ್ನು ಧೊಪ್ಪೆಂದು ಪರಸಿ ಕಲ್ಲಿನ ನೆಲದ ಮೇಲೆ ಇಳಿಸಿದ. ನೆಲ ನಡುಗಿ ಪ್ಲೇಯರಿನ ಮುಳ್ಳು ಎಗರಿತು. ಅಳುತ್ತಿದ್ದ ರಾಜಕುಮಾರಿ ಒಮ್ಮೆಲೇ ನಗಲು ಹತ್ತಿದಳು. ಮತ್ತೆ ಮೊದಲಿನಿಂದ ಶುರು.

ಚಾರ್ಜರ್ ಹಚ್ಚಿದರೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು. ಎಲ್ಲರೂ ಪಂಪು ಚಾಲೂ ಮಾಡಿದ್ದರಿಂದ ಕರೆಂಟು ಎದ್ದು ಬಿದ್ದು ಮಾಡುತ್ತಿತ್ತು. ಚಾರ್ಜರ್ ಕಿತ್ತು ಬರೀ ಬ್ಯಾಟರಿಯ ಮೇಲೆ ನಡೆಸಿದೆ. ಎರಡು ರೆಕಾರ್ಡಿಗೆ ಎರಡು ರವಿವಾರ ಹೋದವು. ಹೊರಡುವಾಗ ಅಣ್ಣನಿಗೆ ಹೇಳಿದೆ, ಬರುವ ಅಮಾವಾಸ್ಯೆಯ ದಿನ ಕ್ಯಾಂಪಿನಲ್ಲಿ ನಾಟಕ ಪೂರಾ ಹಚ್ಚುತ್ತೇನೆ, ಅವ್ವ ಕರೆದಿದ್ದಾಳೆ, ತಮ್ಮನೂ ಬರುತ್ತಾನೆ. ಅಣ್ಣ ಲ್ಯಾಪ್‌ಟಾಪಿನ ಚೀಲ ಎತ್ತಿ ನನ್ನ ಕೈಗೆ ಕೊಟ್ಟ.

“ಬರ್ತೀನಿ. ಖರೇ, ಅವನ ಕೂಡ ಮಾತಾಡಂಗಿಲ್ಲ. ನಾಟಕ ಕೇಳೂದು, ಎದ್ದು ಬರೂದು.”

ಬಸ್ಸಿನಲ್ಲಿ ಆ ಹಾಳು ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಾಗ ನನಗೆ ಮೊದಲ ಸಲ ಖುಷಿಯಾಯಿತು. ಅಣ್ಣ ಬರುತ್ತೇನೆ ಎಂದಿದ್ದ.

ಯಾದಗಿರಿಯಲ್ಲಿ ಎಲ್ಲ ತಿರುವುಮುರುವು. ತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಜಾಗ ಕೊಟ್ಟ, ಪಕ್ಕದಲ್ಲೇ ಕೂತು ಒಂದೇ ಸವನೆ ಮಾತಾಡಿದ. ಕಾಲುವೆ, ದಿಬ್ಬ, ನಕಾಶೆ, ನಾನು. ನಾನು ಮುಳ್ಳನ್ನೇ ನೋಡುತ್ತ ಕೂತೆ. ಎರಡೂ ರೆಕಾರ್ಡು ಇಳಿದ ಮೇಲೆ ಅವನು ತಾನಾಗಿ ಕೇಳಿದ.

“ಅವನ ಮನ್ಯಾಗಿಂದು ಅದರಾಗ ಅದೇನು? ಮೊದಲ್ನೇದು?”

ಕಿವಿಗೆ ಹಚ್ಚುವುದನ್ನು ಕೊಟ್ಟೆ. ಗಿರಾಕಿ ಬಂದು ಎರಡು ಸಲ ಕೂಗಿದರೂ ಅವನು ಏಳಲಿಲ್ಲ. ಕಾಡಿನ ಭಾಗ ಬಂದಾಗ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ನನ್ನ ಮೇಲೆ ಆರು ವರ್ಷ ಹಲ್ಲು ಕಡಿದ ತಮ್ಮ, ಕಣ್ಣು ಒರೆಸಿಕೊಂಡು, “ಭಾರೀ ಚೊಕ್ಕ ಮಾಡಿಯಕ್ಕಾ” ಎಂದ. ಅಮಾವಾಸ್ಯೆಗೆ ಬರುತ್ತೇನೆ ಎಂದೂ ಒಪ್ಪಿಕೊಂಡ.

ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಇಷ್ಟು ದಿನಗಳಲ್ಲಿ ನನ್ನ ಕೆಲಸಕ್ಕೆ ಯಾರೂ ಚೆನ್ನಾಗಿದೆ ಎಂದಿರಲಿಲ್ಲ. ಮನೆಗೆ ಬಂದು ಹತ್ತು ಸಂಜೆ ಕೂತು ಕರಕರ ತೆಗೆದೆ. ಹೆಚ್ಚು ತೆಗೆದರೆ ರಾಜಕುಮಾರಿ ಹಂಡೆಯೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳುತ್ತಿತ್ತು, ಕಡಿಮೆ ತೆಗೆದರೆ ವಿಭೂತಿಯೇ ಮಾತಾಡುತ್ತಿತ್ತು. ಅಂತೂ ಎಂಟೂ ಮಗ್ಗುಲು ಸಾಲಾಗಿ ಜೋಡಿಸಿದೆ. ಜೋಡಿಸಿದವಳು ಸುಮ್ಮನೆ ಇರಬಾರದಿತ್ತೇ? ಎರಡು ಪೆನ್ ಡ್ರೈವ್ ತಂದು ತುಂಬಿಸಿದೆ. ಒಂದನ್ನು ಸುರಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಇನ್ನೊಂದನ್ನು ಯಾದಗಿರಿಗೆ ಹೊರಟಿದ್ದ ಆಪರೇಟರ್ ಕೈಯಲ್ಲಿ ಕಳಿಸಿದೆ. ಅಮಾವಾಸ್ಯೆಯ ತನಕ ಒಂದು ವಾರ ತಡೆಯುವಷ್ಟು ಸಮಾಧಾನ ನನಗೆ ಇರಲಿಲ್ಲ. ಇಬ್ಬರೂ ಕೇಳಿ ಭೇಷ್ ಎನ್ನಬೇಕು ಎಂಬ ಆಸೆ.

ಅಮಾವಾಸ್ಯೆಯ ಮುಂಜಾನೆ ಅವ್ವ ಹೋಳಿಗೆ ಮಾಡಿದಳು. ಪಡಸಾಲೆಯಲ್ಲಿ ಎರಡು ಚಾಪೆ ಹಾಸಿದಳು, ಒಂದು ಆ ಗೋಡೆಗೆ, ಒಂದು ಈ ಗೋಡೆಗೆ. ಹತ್ತು ಗಂಟೆಗೆ ಅಣ್ಣನ ಫೋನ್ ಬಂತು.

“ಪೂರಾ ಕೇಳಿದೆವು. ಮನಿಮಂದೆಲ್ಲಾ ಕುಂತು ಎರಡ ಸಲ ಕೇಳಿದೆವು. ಇನ್ನ ಅಷ್ಟ ದೂರ ಯಾಕ ಬರೂದು? ಅವ್ವಗ ಹೇಳು, ಹಬ್ಬದಾಗ ಬರ್ತೀನಿ.”

ತಮ್ಮನಿಗೆ ನಾನೇ ಮಾಡಿದೆ.

“ನಾಟಕ ನನ್ನ ಹಂತೇಲಿ ಅದಲ್ಲಕ್ಕಾ. ಅವನ ಮಾರಿ ನೋಡಿಕೋತ ಕುಂತು ಕೇಳೂದೇನದ ಇನ್ನ?”

ಫೋನ್ ಇಟ್ಟು ನಾನು ಬಾಯಿಗೆ ಬಂದಂತೆ ಬೈದೆ. ಅಣ್ಣನನ್ನು, ತಮ್ಮನನ್ನು, ಕಾಲುವೆಯನ್ನು, ಕೊನೆಗೆ ವಾಟ್ನಿ ಮಾಡಿದ ಹಿರಿಯರನ್ನು. ಒಂದು ನಾಟಕವನ್ನು ಹೀಗೆ ಒಂದು ಬಿಟ್ಟು ಒಂದು ಹಂಚಿದ ಆ ತಲೆಕೆಟ್ಟವರಿಂದಲೇ ಇಷ್ಟೆಲ್ಲ ಆಯಿತು ಎಂದೆ. ಅವ್ವ ಚಾಪೆ ಸುತ್ತುತ್ತಿದ್ದಳು.

“ಹಂಗ ಹಂಚ್ರಿ ಅಂತ ಹಿರ್ಯಾರಿಗಿ ನಾನ ಹೇಳಿದ್ದೆ. ಎಲ್ಲಾ ಎರಡು ಮಾಡಿಕೊಂಡು ಹೊಂಟಿದ್ರು. ಇಬ್ರೂ ಕೂಡಿದ್ರ ಅಷ್ಟ ಪೂರಾ ಆಗೂವಂಥದು ಒಂದರೆ ಇರ್ಲಿ ಅಂತ.”

ಅವ್ವ ಎರಡೂ ಚಾಪೆಗಳನ್ನು ಮೂಲೆಗೆ ನಿಲ್ಲಿಸಿ ನನ್ನ ಹತ್ತಿರ ಬಂದು ಕೂತಳು. ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಕಡೆ ನೋಡಿದಳು.

“ಅವರಿಗಿ ಕೊಟ್ಟಿದ್ದು ವಾಪಸ್ ತಗೊಳ್ಳಾಕ ಬರ್ತದೇನು ಇದರಾಗ?”

ಅಷ್ಟು ತಿಂಗಳಲ್ಲಿ ಆ ಕಂಪ್ಯೂಟರಿನ ಬಗ್ಗೆ ಅವ್ವ ಕೇಳಿದ ಪ್ರಶ್ನೆ ಅದೊಂದೇ. ಬರುವುದಿಲ್ಲ ಎಂದೆ.